ಬೀಳಿಸುವ ಮಂಚ

ನಾನು ಒಂದು ಮಂಚ. ಮಲಗಿದವರನ್ನು ಎತ್ತಿ ನಿಲ್ಲಿಸುವ ಮಂಚ. ಬೆಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣದ ಪೈಪು ಬೆಸೆದು, ಕಪ್ಪು ರೆಕ್ಸಿನ್ ಹೊದಿಸಿ, ಹೊಟ್ಟೆಯಡಿಗೆ ಮೋಟಾರು ಕೂರಿಸಿ ನನ್ನನ್ನು ಹುಟ್ಟಿಸಿದರು. ಪಾರ್ಶ್ವವಾಯು ಬಡಿದವರನ್ನು ಮತ್ತೆ ನಿಲ್ಲಿಸುವ ಕೆಲಸ ಮೊದಲು ಸಿಕ್ಕಿತು. ಆಗ ನನಗೆ ಸ್ವಲ್ಪ ಜಂಬವೇ ಇತ್ತು.

ಆಮೇಲೆ ಹುಬ್ಬಳ್ಳಿಯ ಮಕ್ಕಳ ಆಸ್ಪತ್ರೆಯೊಂದು ನನ್ನನ್ನು ಕೊಂಡಿತು. ಪದೇ ಪದೇ ಎಚ್ಚರ ತಪ್ಪಿ ಬೀಳುವ ಮಕ್ಕಳನ್ನು, ಕಾರಣ ತಿಳಿಯಲೆಂದು, ನನ್ನ ಮೇಲೆ ಮಲಗಿಸಿ, ಬೆಲ್ಟು ಬಿಗಿದು, ಎದೆಗೆ ಇಸಿಜಿ ವೈರು, ತೋಳಿಗೆ ಬಿಪಿ ಪಟ್ಟಿ ಹಾಕಿ, ಮೆಲ್ಲಗೆ ಮೇಲೆತ್ತುವರು. ಸೂಜಿಯಿಲ್ಲ, ಕೊಯ್ಯುವುದಿಲ್ಲ. ಮಗು ಎಚ್ಚರ ತಪ್ಪುತ್ತದೆಯೇ ಎಂದು ಕಾಯುವುದು, ಅಷ್ಟೆ. ನಿಲ್ಲಿಸುತ್ತಿದ್ದ ನಾನು ಬೀಳಿಸುವ ಮಂಚವಾದೆ. ಒಂದೊಂದು ಮಗುವಿನ ಕತ್ತು ವಾಲಿದಾಗಲೂ ನಾಚಿಕೆಯಾಗುತ್ತಿತ್ತು.

ಎಲ್ಲರಿಗಿಂತ ಹೆಚ್ಚು ನನ್ನನ್ನು ನಾಚಿಸಿದವಳು ಒಂಬತ್ತನೆಯ ತರಗತಿಯ ಕಸ್ತೂರಿ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ಕುಸಿದು ಬಿದ್ದು, ಎಲ್ಲರೆದುರು ಬಟ್ಟೆ ಒದ್ದೆ ಮಾಡಿಕೊಂಡಿದ್ದಳಂತೆ. ಮತ್ತೆ ಬಿದ್ದಾಗ ಜನ ನಾಟಕ ಎಂದರು. ಓಣಿಯಲ್ಲಿ ತಲೆಯೆತ್ತಲಾಗದೆ ಅವ್ವ ಶಾಂತವ್ವ ಮಗಳ ಕೆನ್ನೆಗೆ ಬಾರಿಸಿದ್ದಳು. ಹುಡುಗಿ ಶಾಲೆ ಬಿಟ್ಟಿದ್ದಳು.

"ಹೃದಯಕ್ಕೇನೂ ಆಗಿಲ್ಲ," ಎಂದರು ಡಾಕ್ಟರ್ ನಾಡಗೌಡ ಮೇಡಂ.

"ಹಂಗಾದ್ರ ನಾಟಕಾನ ಅಲ್ರೀ?" ಎಂದಳು ಶಾಂತವ್ವ.

"ನೋಡೂಣು ಇರ್ರಿ."

ಕಸ್ತೂರಿಯನ್ನು ಹೊತ್ತು ನಾನು ಮೆಲ್ಲಗೆ ಎದ್ದೆ. ಬಹಳ ಹೊತ್ತು ಏನೂ ಆಗಲಿಲ್ಲ. ಅವಳ ಬೆನ್ನು ನನಗಂಟಿತ್ತು. ಅವಳು ಪಿಸುಗುಟ್ಟಿದ್ದು ನನಗೊಬ್ಬನಿಗೇ ಕೇಳಿಸಿತು: "ದೇವರೇ, ಇವತ್ತರ ಬೀಳಸಪಾ. ಇಲ್ಲಾಂದ್ರ ನಾ ಸುಳ್ಳಿ ಆಗ್ತೀನಿ."

ಬೆವರು ಕಿತ್ತುಬಂತು. ಬಿಪಿ ಸರ್ರನೆ ಇಳಿಯಿತು, ಎದೆಬಡಿತ ನಿಧಾನವಾಯಿತು, ಕತ್ತು ವಾಲಿತು. ನನ್ನ ರೆಕ್ಸಿನ್ ಮೇಲೆ ಬೆಚ್ಚಗೆ ಒದ್ದೆ ಹರಡಿತು. ಮೇಡಂ ಕೂಡಲೇ ನನ್ನನ್ನು ಮಲಗಿಸಿದರು. ಶಾಂತವ್ವ ಓಡಿಬಂದು ಸೆರಗೆಳೆದು ಮಗಳ ಮೇಲೆ ಹೊದಿಸಿದಳು.

ಕಸ್ತೂರಿ ಕಣ್ಣು ಬಿಟ್ಟಳು. "ಬಿದ್ನೇನ್ರಿ?"

"ಹೂಂ, ಬಿದ್ದಿ. ಬೇಕಂತ ಹಿಂಗ ಬಿಪಿ ಇಳಿಸ್ಕೊಳ್ಳಾಕ ಯಾರಿಗೂ ಬರೂದಿಲ್ಲ," ಎಂದರು ಮೇಡಂ.

ಹುಡುಗಿ ನಕ್ಕಳು. ಒದ್ದೆ ಬಟ್ಟೆಯಲ್ಲೇ, ಹಾಯಾಗಿ. ಆ ನಗು ನೋಡಲಾರದೆ ಶಾಂತವ್ವ ಗೋಡೆಗೆ ಮುಖ ತಿರುಗಿಸಿದಳು.

ಬಹಳ ಹೊತ್ತು ನಿಂತರೆ ಇವಳ ರಕ್ತ ಕಾಲಿಗಿಳಿದು ಮಿದುಳಿಗೆ ಸಾಲದಾಗುತ್ತದೆ ಎಂದು ಮೇಡಂ ತಿಳಿಸಿ ಹೇಳಿದರು. ನೀರು ಚೆನ್ನಾಗಿ ಕುಡಿಯಬೇಕು. ಕಣ್ಣು ಕತ್ತಲಿಟ್ಟರೆ ಅಲ್ಲೇ ಮಲಗಿಬಿಡಬೇಕು.

"ಪ್ರಾರ್ಥನ್ಯಾಗೂ?" ಕಸ್ತೂರಿ ಕೇಳಿದಳು.

ಗೋಡೆಯ ಕಡೆಯಿಂದ ಶಾಂತವ್ವನ ದನಿ ಬಂತು. "ಹೂಂ, ಪ್ರಾರ್ಥನ್ಯಾಗೂ. ನಾಳೆ ನಾನೂ ನಿನ್ನ ಕೂಡ ಶಾಲಿಗೆ ಬರ್ತೀನಿ. ತಪ್ಪು ನಂದು ಅಂತ ಎಲ್ಲಾರ ಮುಂದ ಹೇಳ್ತೀನಿ."

ಈಗ ನನ್ನ ಮೋಟಾರು ಸುಟ್ಟುಹೋಗಿದೆ. ಮೆಟ್ಟಿಲ ಕೆಳಗೆ ಬಿದ್ದಿದ್ದೇನೆ. ಸರದಿಗೆ ಕಾಯುವವರು ನನ್ನ ಮೇಲೆ ಕೂರುತ್ತಾರೆ. ಮಕ್ಕಳನ್ನು ಬೀಳಿಸಿದ ನಾಚಿಕೆ ಇನ್ನೂ ಹೋಗಿಲ್ಲ. ಹೋಗುವುದೂ ಬೇಡ. ಬಿದ್ದ ಮಕ್ಕಳು ನಾಚುವಂಥದ್ದೇನೂ ಇರಲಿಲ್ಲ. ಅವರ ಪಾಲಿನ ನಾಚಿಕೆಯನ್ನೂ ನಾನೇ ಇಟ್ಟುಕೊಂಡಿರುತ್ತೇನೆ. ಕಬ್ಬಿಣದ ಮೈ, ತಾಳಿಕೊಳ್ಳುತ್ತದೆ.