ಲೋಥಾರನ ಬಿಲ್ಲೆ

ನಮ್ಮಣ್ಣನ ವಿಷಯದಲ್ಲಿ ಸೈನ್ಯದವರು ಮಾಡಿದ ಒಂದೇ ನೆಟ್ಟಗಿನ ಕೆಲಸ ಅಂದರೆ ಅವನ ಸೇನಾ ಪುಸ್ತಿಕೆಯನ್ನು ಮನೆಗೆ ಕಳಿಸಿದ್ದು. ಹದಿನೆಂಟರ ಲೋಥಾರ್ ಕಾಣೆಯಾಗಿದ್ದಾನೆ ಅಂತ ಜೊತೆಗೊಂದು ಚೀಟಿ. ಎರಡನೇ ಮಹಾಯುದ್ಧದ ಕೊನೇ ವರ್ಷ ಅದು. ಪುಸ್ತಿಕೆಯಲ್ಲಿ ಅವನ ಕೊರಳ ಬಿಲ್ಲೆಯ ಮೇಲಿದ್ದ ತುಕಡಿಯ ಗುರುತೂ ನಂಬರೂ ಇದ್ದವು, ಇನ್ನೂರ ಹದಿನೇಳು. ಅಮ್ಮ ಸಾಯುವವರೆಗೂ ಅದನ್ನೇ ಜಪ ಮಾಡಿದಳು. ಆಮೇಲೆ ನಾನು. ಒಟ್ಟು ನಲವತ್ತೊಂಬತ್ತು ವರ್ಷ.

ಓಡರ್ ನದಿಯ ಈಚೆ, ಜರ್ಮನಿಯ ನಮ್ಮ ಕಡೆ, ಸತ್ತ ಸೈನಿಕರ ಮೂಳೆ ಎತ್ತಿ ಮಣ್ಣು ಮಾಡಿಸುವವರು ಕ್ರೋಯ್ಟ್ಸ್. ಅವರೇ ಫೋನ್ ಮಾಡಿದರು.

"ಬೀಟ್‌ರೂಟ್ ಹೊಲದಾಚೆ ಕಾಡಲ್ಲಿ ಐದು ಜನ ಸಿಕ್ಕಿದಾರೆ, ಇರ್ಮ್‌ಗಾರ್ಡ್. ನಿಮ್ಮಣ್ಣನ ತುಕಡಿಯವರೇ ಇರ್ಬೇಕು. ಯಾರ ಕೊರಳಲ್ಲೂ ಬಿಲ್ಲೆ ಇಲ್ಲ, ನಮಗಿಂತ ಮುಂಚೆ ಯಾರೋ ಕೈಯಾಡಿಸಿದಾರೆ. ಭಾನುವಾರದ ಸಂತೇಲಿ ಟೋರ್ಸ್ಟನ್ ಅನ್ನೋನು ಬಿಲ್ಲೆ ಮಾರ್ತಿದಾನಂತೆ."

ಹೋದೆ. ನಲವತ್ತರ ಗಂಡಸು, ಹೆಂಚು ಹೊದಿಸುವವನು. ಮೇಜಿನ ತುಂಬ ಸತ್ತ ಹುಡುಗರ ಸೇನಾ ಪುಸ್ತಿಕೆಗಳು. ಕಾನೂನಿಗೆ ಹೆದರಿ ನಾಜಿ ಸ್ವಸ್ತಿಕಗಳ ಮೇಲೆಲ್ಲ ಸ್ಟಿಕ್ಕರ್ ಅಂಟಿಸಿದ್ದ.

"ಒಳ್ಳೆ ಪೀಸು ನೋಡಿ ಅಮ್ಮಾ. ಎರಡು ಹೋಳೂ ಸೇರ್ಕೊಂಡೇ ಇದೆ. ಇಂಥದ್ದು ಸಿಗೋದೇ ಕಷ್ಟ."

ಬಿಲ್ಲೆಯನ್ನು ನಡುವೆ ಮುರಿದು ಒಂದು ಹೋಳನ್ನು ಸತ್ತವನ ಜೊತೆ ಬಿಟ್ಟು, ಇನ್ನೊಂದನ್ನು ಕಚೇರಿಗೆ ಕಳಿಸುವುದು ಕ್ರಮ. ಹೋಳಾಗಿಲ್ಲ ಅಂದರೆ ಆ ಹುಡುಗ ಸತ್ತದ್ದೇ ಯಾರಿಗೂ ತಿಳಿದಿಲ್ಲ. ಈ ಮುಂಡೇದಕ್ಕೆ ಅದು ಒಳ್ಳೆ ಪೀಸು. ತಿರುಗಿಸಿ ನೋಡಿದೆ, ಅದೇ ತುಕಡಿಯ ಗುರುತು, ಇನ್ನೂರ ಹದಿನೇಳು. ಮೈಯೆಲ್ಲ ಉರಿದುಹೋಯಿತು.

"ಬೀಟ್‌ರೂಟ್ ಹೊಲದಾಚೆ ಅಗೆದದ್ದು ನೀನೇ ತಾನೆ?"

"ಬರೀ ನಂಬರಮ್ಮಾ. ಹೆಸರೇ ಇಲ್ಲ ಅದ್ರಲ್ಲಿ. ಯಾರಿಗೇನು ನಷ್ಟ?"

ಚೀಲದಿಂದ ಪುಸ್ತಿಕೆ ತೆಗೆದು ಅವನ ಮೂಗಿನ ಮುಂದೆ ಹಿಡಿದೆ. ಓದಿದ. ಮುಖ ಬಿಳಿಚಿಕೊಂಡಿತು.

"ಐದು ಜನರಲ್ಲಿ ಯಾರ ಕೊರಳಿಂದ ತೆಗೆದೆ ಹೇಳು."

"ಎಲ್ಲಾನೂ ಒಂದೇ ಡಬ್ಬಿಗೆ ಹಾಕ್ಕೊಂಡ್ಬಂದೆ. ಉಳಿದ ನಾಲ್ಕು ಹೋದ ವಾರಾನೇ ಹೋದ್ವು. ಇದನ್ನ ಇಟ್ಕೊಳ್ಳಿ, ದುಡ್ಡು ಬೇಡ."

"ನಮ್ಮಣ್ಣನ್ನ ನನಗೇ ದಾನ ಮಾಡ್ತೀಯೇನೋ? ಮಣ್ಣು ಮಾಡೋ ದಿನ ಬಾ. ಬರ್ದೇ ಇದ್ರೆ ಪೊಲೀಸ್ ಸ್ಟೇಷನ್‌ಗೆ ನಾನೇ ಹೋಗ್ತೀನಿ."

ಬಿಲ್ಲೆ ಚೀಲಕ್ಕೆ ಹಾಕಿಕೊಂಡೆ. ಆ ದಿನ ಬಂದ, ಇಸ್ತ್ರಿ ಅಂಗಿ ಹಾಕಿಕೊಂಡು. ಐದು ಪುಟ್ಟ ಕಪ್ಪು ಪೆಟ್ಟಿಗೆಗಳು ಸಾಲಾಗಿದ್ದವು, ಐದರ ಮೇಲೂ 'ಅಪರಿಚಿತ' ಅಂತಿತ್ತು.

"ಬಿಲ್ಲೆ ಯಾರ ಮೂಳೆ ಜೊತೆ ಇತ್ತು ಅಂತ ಗೊತ್ತಾಗದೆ ಹೆಸರು ಬರೆಯೋ ಹಾಗಿಲ್ಲ" ಅಂದರು ಕ್ರೋಯ್ಟ್ಸ್. ನನ್ನ ಮುಖ ನೋಡಲಿಲ್ಲ.

ಬಿಲ್ಲೆ ಮುರಿದು ಒಂದು ಹೋಳನ್ನು ಟೋರ್ಸ್ಟನ್ ಕೈಗಿಟ್ಟೆ.

"ಹೂಂ, ಅವನ ಪೆಟ್ಟಿಗೇಲಿ ಹಾಕು. ಲೋಥಾರ್ ಯಾರು ಅಂತ ಕಣ್ಣಾರೆ ಕಂಡೋನು ನೀನೊಬ್ಬನೇ."

ಮೊದಲನೇ ಪೆಟ್ಟಿಗೆಯ ಮುಂದೆ ಬಗ್ಗಿದ, ಎದ್ದ. ಮೂರನೆಯದರ ಹತ್ತಿರ ಹೋಗಿ ವಾಪಸ್ ಬಂದ. "ಅಮ್ಮಾ, ನೀವೇ ಹೇಳಿ" ಅಂತ ಅತ್ತ. ಪಾದ್ರಿ ಪ್ರಾರ್ಥನೆ ಮುಗಿಸಿದರು, ಐದೂ ಪೆಟ್ಟಿಗೆ ಕೆಳಗಿಳಿದವು. ಹೋಳು ಅವನ ಕೈಯಲ್ಲೇ ಇತ್ತು.