ಆಯುಧ ಪೂಜೆಯ ಸ್ಪ್ರೇ

ಮಣಿಪಾಲದ ಪ್ರಯೋಗಾಲಯದ ಬಾಗಿಲು ತೆರೆದೊಡನೆ ಸಂಶೋಧಕಿ ಧೃತಿಯ ಮೂಗಿಗೆ ಜಿರಳೆ ಸ್ಪ್ರೇಯ ವಾಸನೆ ಬಡಿಯಿತು. ಸೂಕ್ಷ್ಮದರ್ಶಕಕ್ಕೆ ಶಂಕರಪುರ ಮಲ್ಲಿಗೆಯ ಮಾಲೆ ಏರಿಸಿದ್ದರು. ಪಕ್ಕದ ಸೀಸೆಗಳಲ್ಲಿ ಅವಳ ಹಣ್ಣುನೊಣಗಳೆಲ್ಲ ಕಾಲು ಮೇಲೆ ಮಾಡಿ ಬಿದ್ದಿದ್ದವು. ಮೂರು ವರ್ಷ ಸಾಕಿದ ತಳಿ!

ನೊಣದ ಭ್ರೂಣದಲ್ಲಿ ನರಕೋಶವಾಗಲು ಹೊರಟ ಕೋಶ, "ನೀವು ಚರ್ಮವಾಗಿ" ಎಂದು ನೆರೆಯ ಕೋಶಗಳಿಗೆ ಸೂಚನೆ ಕೊಡುತ್ತದೆ. ಅದನ್ನು ಕೇಳಿಸಿಕೊಳ್ಳುವ ಜೀನ್ ಕೆಟ್ಟರೆ ಅವೂ ನರಕೋಶಗಳೇ ಆಗಿ ಭ್ರೂಣ ಸಾಯುತ್ತದೆ. ಜೋಡಿಯಲ್ಲಿ ಒಂದು ಪ್ರತಿ ಸರಿಯಿದ್ದರೆ ನೊಣ ಬದುಕುತ್ತದೆ; ಹಾಗೆ ಬದುಕಿ ಆ ಕೆಟ್ಟ ಜೀನನ್ನು ಹೊತ್ತ ತಳಿ ಅದು.

"ಪೂಜೆಗೆ ಕ್ಲೀನ್ ಆಗಬೇಕಲ್ವಾ, ನಾನೇ ಹೊಡೆಸಿದ್ದು," ಎಂದರು ಆಡಳಿತಾಧಿಕಾರಿ ಸರ್ವೋತ್ತಮ. "ನೊಣಕ್ಕೆ ಎಂತ ಬರಗಾಲ ಮಾರಾಯ್ತಿ? ಬಾಳೆಹಣ್ಣು ಇಟ್ಟರೆ ನಾಳೆ ಬರ್ತದೆ."

ಧೃತಿಗೆ ಮೈಯೆಲ್ಲ ಉರಿಯಿತು. "ಇಲ್ಲಿ ಸ್ಪ್ರೇ ಬೇಡ ಅಂತ ಮೂರು ಸಲ ಹೇಳಿದ್ದೆ. ಬಾಗಿಲಿಗೆ ಬರೆದೂ ಅಂಟಿಸಿದ್ದೆ. ಆ ಚೀಟಿ ಎಲ್ಲುಂಟು?"

ಸರ್ವೋತ್ತಮ ಬಾಗಿಲ ಕಡೆ ನೋಡಿದರು. ಚೀಟಿ ಅಲ್ಲೇ ಇತ್ತು. ಅದರ ಮೇಲೆಯೇ ಮಾವಿನ ಎಲೆಯ ತೋರಣ ಕಟ್ಟಿಸಿದ್ದರು.

ಅವರು ಚಾಚಿದ ಪ್ರಸಾದವನ್ನು ಅವಳು ಮುಟ್ಟಲಿಲ್ಲ.

"ಕೇಳಿಸಿಕೊಳ್ಳದ ಜೀನ್ ನನ್ನ ನೊಣಗಳಲ್ಲಿ ಮಾತ್ರ ಉಂಟು ಅಂತ ತಿಳಿದಿದ್ದೆ, ಸರ್."