ಮಾವ ಫೇಲಾದ ಪರೀಕ್ಷೆ

ನಾರಿನ್ ಪಟ್ಟಣದ ಬೇಟೆಗಾರರ ಸಂಘದಲ್ಲಿ ಬಂದೂಕಿನ ಸುರಕ್ಷತೆಯ ಪಾಠ ಹೇಳುತ್ತಿದ್ದವಳು ಬುರುಲ್. ಪರವಾನಗಿ ನವೀಕರಿಸಲು ಬಂದವರಲ್ಲಿ ಅವಳ ಮಾವ ಎಸೆನ್‌ಬೆಕ್ ಕೂಡ ಇದ್ದ. ನಲವತ್ತು ವರ್ಷ ತೋಳ ಹೊಡೆದವನಿಗೆ ಸೊಸೆಯ ಮುಂದೆ ಬೆಂಚಿನಲ್ಲಿ ಕೂರುವುದೆಂದರೆ ಮೈಮೇಲೆ ಇರುವೆ ಹರಿದಂತಾಗಿತ್ತು.

ಹಾಜರಿ ಕರೆಯುತ್ತ ಬಂದ ಬುರುಲ್ ಅವನ ಸರದಿಗೆ ತಡವರಿಸಿದಳು. ಸೊಸೆ ಮಾವನ ಹೆಸರು ಹೇಳುವಂತಿಲ್ಲ. "ನಮ್ಮ ಮಾವನೋರು ಬಂದಿದಾರಾ?" ಎಂದಳು.

"ಬಂದಿದೀನಿ, ಟೀಚರಮ್ಮ!"

ಎಲ್ಲರೂ ಗೊಳ್ಳೆಂದು ನಕ್ಕರು.

ಪರೀಕ್ಷೆಯಲ್ಲಿ ಎಸೆನ್‌ಬೆಕ್ ತನ್ನ ಜೋಡಿನಳಿಗೆ ಬಂದೂಕನ್ನು ಮೇಜಿನ ಮೇಲೆ ಹಾಗೇ ಒಗೆದ. ಅದರ ಬಾಯಿ ಗೆಳೆಯ ಸಾತಾರ್‌ನ ಹೊಟ್ಟೆಯತ್ತ ತಿರುಗಿತ್ತು.

"ಮಾವ, ಮೊದಲು ಬಾಯಿ ಗೋಡೆ ಕಡೆ ತಿರುಗಿಸಿ. ಆಮೇಲೆ ತೆರೆದು ತೋರಿಸಿ."

"ಖಾಲಿ ಇದೆ ಕಣಮ್ಮ. ನನ್ನ ಬಂದೂಕು ನನಗೆ ಗೊತ್ತಿಲ್ವಾ?"

"ಗೊತ್ತಿದ್ರೆ ತೋರಿಸೋಕೇನು ಕಷ್ಟ?"

ಅವನು ಗೊಣಗುತ್ತ ತೆರೆದ. ಒಳಗೊಂದು ಕೆಂಪು ತೋಟಾ ಕೂತಿತ್ತು. ಕಳೆದ ವಾರ ಬೇಟೆಯಿಂದ ಬಂದವನು ತೆಗೆಯಲು ಮರೆತಿದ್ದ. ಅಂದಿನಿಂದ ಆ ಬಂದೂಕು ಮೊಮ್ಮಕ್ಕಳು ಆಡುವ ಕೋಣೆಯಲ್ಲೇ ತೂಗಾಡುತ್ತಿತ್ತು. ಅವನು ತೋಟಾವನ್ನು ಹೊರಗೆಳೆದ.

ಸಾತಾರ್ ಹೊಟ್ಟೆ ಸವರಿಕೊಂಡ. "ಇದನ್ನ ಬೆಳೆಸೋಕೆ ಮೂವತ್ತು ವರ್ಷ ಹಿಡೀತಪ್ಪಾ!"

ಎಸೆನ್‌ಬೆಕ್ ತೋಟಾವನ್ನು ಸೊಸೆಯ ಅಂಗೈಗಿಟ್ಟ. "ನನ್ನನ್ನ ಫೇಲ್ ಮಾಡಮ್ಮ."

"ಮಾಡಿಯಾಯ್ತು ಮಾವ. ಮುಂದಿನ ತಿಂಗಳು ಮತ್ತೆ ಬನ್ನಿ."

ಅಂದು ಸಂಜೆಯೇ ಅವನು ಬಂದೂಕನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದ. ಚಹಾಕ್ಕೆ ಬಂದ ನೆರೆಯವರ ಮುಂದೆ ಎದೆಯುಬ್ಬಿಸಿ ಹೇಳಿದ: "ನನ್ನ ಸೊಸೆ ನನ್ನನ್ನೇ ಫೇಲ್ ಮಾಡಿದ್ಲು ಕಣ್ರೋ! ನಿಮ್ಮ ಸೊಸೆಯರಿಗಿದೆಯಾ ಅಷ್ಟು ಧೈರ್ಯ?"